ಟ್ರೇಯಲ್ಲಿ ಉಳಿದ ಕಣ್ಣುಗಳು

ಕಪ್ಪು-ಬಿಳುಪು ಫೋಟೋವನ್ನು ಕಂದು ಬಣ್ಣಕ್ಕೆ ತಿರುಗಿಸಲು ಎರಡು ಟ್ರೇ ಬೇಕು. ಮೊದಲನೆಯದರಲ್ಲಿ ಚಿತ್ರ ಅಳಿಯುತ್ತದೆ. ಎರಡನೆಯದರಲ್ಲಿ ಬೇರೆ ಬಣ್ಣ ಹೊತ್ತು ಮರಳಿ ಬರುತ್ತದೆ. ಎರಡರ ನಡುವೆ ಹತ್ತು ಹದಿನೈದು ನಿಮಿಷ ಕೈಯಲ್ಲಿ ಇರುವುದು ಬರೀ ಒದ್ದೆ ಕಾಗದ. ಕಲಿಯಲು ಬರುವವರು ಆ ಹೊತ್ತಿನಲ್ಲಿ ಗಾಬರಿಯಾಗುತ್ತಾರೆ. ಹೋಗಿಲ್ಲ, ಕಾಣುತ್ತಿಲ್ಲ ಅಷ್ಟೇ ಎಂದು ನಾನು ಸಮಾಧಾನ ಹೇಳುತ್ತೇನೆ. ಕಳೆದ ವರ್ಷ ನನ್ನ ಕೈಗೆ ಬಂದ ಒಂದು ಫೋಟೋ ಮಾತ್ರ ಪೂರ್ತಿ ಅಳಿಯಲಿಲ್ಲ. ಮುಖ ಹೋಯಿತು, ಸೀರೆ ಹೋಯಿತು, ಕುರ್ಚಿ ಹೋಯಿತು. ಎರಡು ಕಣ್ಣು ಉಳಿದವು.

ಅದನ್ನು ತಂದವರು ಬಿ.ಟಿ.ಎಂ. ಲೇಔಟಿನ ಒಬ್ಬ ಹೆಂಗಸು. ವಯಸ್ಸು ಅರವತ್ತರ ಆಸುಪಾಸು. ಲೇಔಟ್ ಆಗುವ ಮುಂಚೆ ಅಲ್ಲಿ ಅವರ ಮನೆಯವರ ರಾಗಿ ಹೊಲವಿತ್ತಂತೆ. ಈಗ ಆ ಜಾಗದಲ್ಲಿ ಅವರದೇ ನಾಲ್ಕು ಮಹಡಿಯ ಪಿ.ಜಿ. ಇದೆ. ಅಲ್ಲಿರುವ ಹುಡುಗಿಯೊಬ್ಬಳು ನನ್ನ ಬಳಿ ಪ್ರಿಂಟಿಂಗ್ ಕಲಿಯಲು ಬರುತ್ತಿದ್ದಳು. ಅವಳೇ ವಿಳಾಸ ಕೊಟ್ಟು ಕಳಿಸಿದ್ದಳು. "ಎಲ್ರೂ ಪಿ.ಜಿ. ಆಂಟಿ ಅಂತಾರೆ, ನೀವೂ ಹಾಗೇ ಅನ್ನಿ ಮೇಡಂ" ಎಂದರು ಆ ಹೆಂಗಸು. ನಾನೂ ಹಾಗೇ ಕರೆದೆ.

ನನ್ನ ಡಾರ್ಕ್‌ರೂಮು ತಿಲಕ್ ನಗರದ ಒಂದು ಹಳೆಯ ಮನೆಯ ಹಿಂಭಾಗದಲ್ಲಿದೆ. ಮುಂಚೆ ಅದು ಅಡುಗೆಮನೆಯಾಗಿತ್ತು. ಅದರ ಹಿಂದೆ ಒಗೆಯುವ ಕಲ್ಲಿರುವ ಸಣ್ಣ ಹಿತ್ತಲು. ಪ್ರಿಂಟ್ ಮಾಡುವುದು ಒಳಗೆ, ಕತ್ತಲಲ್ಲಿ. ಟೋನಿಂಗ್, ಅಂದರೆ ಬಣ್ಣ ತಿರುಗಿಸುವುದು, ಹೊರಗೆ, ಹಗಲಲ್ಲಿ. ಟೋನಿಂಗಿಗೆ ಕತ್ತಲು ಬೇಕಿಲ್ಲ, ಗಾಳಿ ಬೇಕು. ಎರಡನೇ ಟ್ರೇಯ ಸಲ್ಫೈಡು ಕೊಳೆತ ಮೊಟ್ಟೆಯಂತೆ ನಾರುತ್ತದೆ.

ಆಂಟಿ ಫೋಟೋವನ್ನು ಕಟ್ಟಿನಿಂದ ಬಿಚ್ಚಿಸಿ, ಮಡಿಸಿದ ಹೊಸ ಟವಲಿನ ನಡುವೆ ಇಟ್ಟುಕೊಂಡು ಬಂದಿದ್ದರು. ಕುರ್ಚಿಯ ಮೇಲೆ ಇಪ್ಪತ್ತರೊಳಗಿನ ಒಬ್ಬ ಹೆಂಗಸು. ತೊಡೆಯ ಮೇಲೆ ಮಗು. ಹಿಂದೆ ಪೂರ್ತಿ ಕಪ್ಪು. ಹೆಂಗಸು ನೆಟ್ಟಗೆ ಕ್ಯಾಮೆರಾವನ್ನು ನೋಡುತ್ತಿದ್ದರು. ತುಟಿಯಲ್ಲಿ ಸಣ್ಣ ನಗು. ಚಿತ್ರವೆಲ್ಲ ಹಳದಿಗೆ ತಿರುಗಿ ಮಾಸಿತ್ತು. ಅಂಚುಗಳಲ್ಲಿ ಬೆಳ್ಳಿ ಮೇಲೆದ್ದು ಎಣ್ಣೆಯ ಪದರದ ಹಾಗೆ ಹೊಳೆಯುತ್ತಿತ್ತು.

"ನಮ್ಮಮ್ಮ" ಎಂದರು. "ನನ್ನ ನಾಮಕರಣದ ದಿನ ತೆಗ್ಸಿದ್ದಂತೆ. ಆಮೇಲೆ ತಿಂಗಳಿಗೆ ಜ್ವರ ಬಂದು ಹೋಗ್ಬಿಟ್ರು. ಇದೊಂದೇ ಇರೋದು."

"ಸ್ಕ್ಯಾನ್ ಮಾಡ್ಸಿ ಸರಿ ಮಾಡಿಸ್ಬೋದಲ್ಲ" ಎಂದೆ. ನಾನು ಎಲ್ಲರಿಗೂ ಮೊದಲು ಹೇಳುವುದು ಅದನ್ನೇ.

"ಸೊಸೆ ಫೋನಲ್ಲಿ ಏನೋ ಆ್ಯಪ್‌ಗೆ ಹಾಕಿದ್ಲು ಮೇಡಂ. ಅಮ್ಮ ಕಣ್ಣು ಮಿಟುಕಿಸಿದ್ಲು. ಕತ್ತು ಆ ಕಡೆ ಈ ಕಡೆ ತಿರುಗಿಸಿದ್ಲು. ಎರಡು ದಿನ ನಂಗೆ ಊಟ ಸೇರ್ಲಿಲ್ಲ. ಡಿಲೀಟ್ ಮಾಡ್ಸ್ದೆ. ಫೋನಲ್ಲಿರೋದು ಬೇಡ, ಈ ಕಾಗದಾನೇ ಉಳಿಸ್ಕೊಡಿ. ಆ ಹುಡುಗಿ ಹೇಳ್ತು, ನೀವು ಬ್ರೌನ್ ಮಾಡಿದ್ರೆ ನೂರು ವರ್ಷ ಬರುತ್ತಂತೆ."

ಒಬ್ಬರ ಬಳಿ ಇರುವ ಒಂದೇ ಪ್ರಿಂಟನ್ನು ನಾನು ದ್ರಾವಣಕ್ಕೆ ಇಳಿಸುವುದಿಲ್ಲ. ಅದು ನನ್ನ ನಿಯಮ. ಅದರ ಫೋಟೋ ತೆಗೆದು ಹೊಸ ಪ್ರಿಂಟ್ ಮಾಡಿ, ಅದನ್ನು ಟೋನ್ ಮಾಡಿಕೊಡುತ್ತೇನೆ. ಅದನ್ನೇ ಹೇಳಿದೆ. ಅವರು ಟವಲನ್ನು ಮಡಿಸುತ್ತ ಕೇಳಿಸಿಕೊಂಡರು.

"ದಿನಾ ಬೆಳಗ್ಗೆ ದೀಪ ಹಚ್ಚಿ ಇವಳ ಹತ್ರ ಎರಡು ಮಾತಾಡ್ತೀನಿ. ಎಲ್ಲಿ ನಿಂತ್ರೂ ನನ್ನೇ ನೋಡ್ತಾಳೆ. ಕಾಪಿ ಹತ್ರ ನಾನೇನ್ ಮಾತಾಡ್ಲಿ? ಹೋದ್ರೆ ಹೋಗ್ಲಿ, ಹೆಂಗಿದ್ರೂ ಹೋಗ್ತಾನೇ ಇದೆ. ನೀವು ಮಾಡಿ."

ನಿಯಮ ಮುರಿದೆ. ಮುರಿಯುವ ಮುಂಚೆ ಮಾಡಬೇಕಾದ್ದನ್ನೆಲ್ಲ ಮಾಡಿದೆ ಎಂದು ಆಗ ಅಂದುಕೊಂಡಿದ್ದೆ. ನೀಲಿ ಫಿಲ್ಟರ್ ಹಾಕಿ ಫಿಲ್ಮಿನಲ್ಲಿ ಒಂದು ಕಾಪಿ ನೆಗೆಟಿವ್ ತೆಗೆದುಕೊಂಡೆ. ಪ್ರಿಂಟನ್ನು ಓರೆ ಬೆಳಕಿಗೆ ಹಿಡಿದು ಲೂಪ್ ಎಂಬ ಸಣ್ಣ ಭೂತಗನ್ನಡಿಯಲ್ಲಿ ಇಂಚಿಂಚು ನೋಡಿದೆ. ಹಿನ್ನೆಲೆಯ ಕಪ್ಪು ಒಂದೆಡೆ ಮಂಕಾಗಿ, ಇನ್ನೊಂದೆಡೆ ಹೊಳಪಾಗಿ ಇತ್ತು. ಕಣ್ಣುಗಳಲ್ಲಿ ಕುಂಚದ ಗೆರೆ ಕಂಡಿತು. ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆ ಕಾಲದ ಸ್ಟುಡಿಯೋದವರು ಕಣ್ಣಿಗೆ ಹೊಳಪು ಕೊಡುವುದು, ಹಿನ್ನೆಲೆಗೆ ಮಸಿ ತುಂಬುವುದು ದಿನನಿತ್ಯದ ಕೆಲಸವಾದ್ದರಿಂದ ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ. ಯೋಚಿಸಬೇಕಿತ್ತು.

ಬದಲಿಗೆ ನಾನು ಯೋಚಿಸಿದ್ದು ಹೈಪೋ ಬಗ್ಗೆ. ಹೈಪೋ ಎಂದರೆ ಫೋಟೋ ತೊಳೆಯುವಾಗ ಚಿತ್ರ ನಿಲ್ಲಿಸಲು ಬಳಸುವ ಉಪ್ಪು. ಅದನ್ನು ಆಮೇಲೆ ನೀರಿನಲ್ಲಿ ಪೂರ್ತಿ ಕಳೆಯಬೇಕು. ಅವಸರದ ಸ್ಟುಡಿಯೋಗಳು ಕಳೆಯುತ್ತಿರಲಿಲ್ಲ. ಕಾಗದದಲ್ಲಿ ಹೈಪೋ ಉಳಿದಿದ್ದು, ಮೇಲೆ ನಾನು ಮೊದಲ ಟ್ರೇಯ ಬ್ಲೀಚು ಹಾಕಿದರೆ, ಚಿತ್ರ ತಾತ್ಕಾಲಿಕವಾಗಿ ಮರೆಯಾಗುವ ಬದಲು ನಿಜವಾಗಿಯೇ ಕರಗಿಹೋಗುತ್ತದೆ. ಬಿಳಿ ಅಂಚಿನ ಮೇಲೆ ಪರೀಕ್ಷೆಯ ಒಂದು ಹನಿ ಬಿಟ್ಟೆ. ಎರಡು ನಿಮಿಷದಲ್ಲಿ ಅದು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ಅಷ್ಟು ಹೈಪೋ ಉಳಿದಿತ್ತು.

ಹಾಗಾಗಿ ಎರಡು ದಿನ ಬರೀ ತೊಳೆಯುವ ಕೆಲಸ. ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಬೋರಿನ ನೀರು ಗಡಸು, ಕಾಗದದ ಮೇಲೆ ಸುಣ್ಣ ಕೂರಿಸುತ್ತದೆ. ಡ್ರಮ್ಮಿನಲ್ಲಿ ಹಿಡಿದಿಟ್ಟ ಕಾವೇರಿ ನೀರನ್ನು ಅಳೆದು ಬಳಸಿ, ಅರ್ಧ ಗಂಟೆಗೊಮ್ಮೆ ಬದಲಿಸಿದೆ. ಅರವತ್ತು ವರ್ಷದ ಜೆಲಟಿನ್ ಪದರ ನೆನೆದು ಮೆತ್ತಗಾಗಿ ಏಳಬಾರದೆಂದು ಮೊದಲೇ ಗಟ್ಟಿಗೊಳಿಸುವ ದ್ರಾವಣದಲ್ಲಿ ಅದ್ದಿದ್ದೆ.

ನೀರಿನೊಳಗೆ ಮುಖ ಮೇಲಾಗಿ ಮಲಗಿದ ಫೋಟೋವನ್ನು ಎರಡು ದಿನ ನೋಡುವುದು ಒಂದು ಥರ. ನೀರು ಅಲುಗಿದಾಗ ಅವರು ರೆಪ್ಪೆ ಬಡಿದಂತಾಗುತ್ತಿತ್ತು. ಹಿತ್ತಲಲ್ಲಿ ಬಟ್ಟೆ ಒಣಹಾಕಲು ಹೋದರೂ ಆ ಕಡೆಗೆ ಕಣ್ಣು ಹೋಗುತ್ತಿತ್ತು. ಆಂಟಿ ಹೇಳಿದ್ದು ನಿಜ. ಎಲ್ಲಿ ನಿಂತರೂ ನೋಡುತ್ತಿದ್ದರು. ಎರಡನೇ ದಿನ ಮಧ್ಯಾಹ್ನ ಟ್ರೇಯ ಮೇಲೆ ಒಂದು ಹಲಗೆ ಮುಚ್ಚಿದೆ. ದೂಳು ಬೀಳದಿರಲಿ ಎಂದು ನನಗೆ ನಾನೇ ಹೇಳಿಕೊಂಡೆ. ಸಂಜೆಯ ಪರೀಕ್ಷೆಯಲ್ಲಿ ಹನಿ ಬಣ್ಣ ತಿರುಗಲಿಲ್ಲ.

ಮೂರನೇ ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಬ್ಲೀಚ್ ಬೆರೆಸಿದೆ. ಕಿತ್ತಳೆ ಹಳದಿಯ, ವಾಸನೆಯಿಲ್ಲದ ದ್ರಾವಣ. ಒಗೆಯುವ ಕಲ್ಲಿನ ಮೇಲೆ ಟ್ರೇಗಳನ್ನು ಸಾಲಾಗಿ ಇಟ್ಟೆ: ಬ್ಲೀಚು, ಮೂರು ನೀರು, ಕೊನೆಯಲ್ಲಿ ಮುಚ್ಚಳ ಹಾಕಿದ ಸಲ್ಫೈಡು. ಬೀದಿಯಲ್ಲಿ ಸೊಪ್ಪಿನ ಗಾಡಿಯ ಮೈಕು ಕೂಗುತ್ತಿತ್ತು. ಮೇಲಿನ ಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು. ಬಿಸಿಲು ಚೆನ್ನಾಗಿತ್ತು.

ಪ್ರಿಂಟನ್ನು ಇಳಿಸಿ ಟ್ರೇಯ ಒಂದು ಮೂಲೆಯನ್ನು ಎತ್ತಿ ಇಳಿಸುತ್ತ ನಿಂತೆ. ಮೊದಲು ತಿಳಿಬಣ್ಣಗಳು ಹೋದವು, ಮಗುವಿನ ಅಂಗಿ, ಅಮ್ಮನ ಕೆನ್ನೆ. ಆಮೇಲೆ ಸೀರೆಯ ಮಡಿಕೆಗಳು. ಐದು ನಿಮಿಷಕ್ಕೆ ಕುರ್ಚಿಯ ಕಾಲುಗಳು. ಹಿನ್ನೆಲೆಯ ಕಪ್ಪು ಕೊನೆಗೆ ಹೋಗುತ್ತದೆಂದು ಗೊತ್ತಿದ್ದರಿಂದ ಕಾಯುತ್ತಿದ್ದೆ. ಅದು ತೆಳುವಾಯಿತು, ಬೂದಿಯಾಯಿತು, ಹೋಯಿತು. ಪೂರ್ತಿ ಅಲ್ಲ. ಹಿನ್ನೆಲೆಯ ನಡುವೆ ಒಂದು ಕಪ್ಪು ಆಕಾರ ಉಳಿಯಿತು. ಹಳೆಯ ಕಲೆ ಇರಬೇಕೆಂದು ಟ್ರೇಯನ್ನು ಇನ್ನಷ್ಟು ಅಲುಗಿಸಿದೆ. ಕಲೆ ಹೋಗಲಿಲ್ಲ. ನೋಡುತ್ತ ನಿಂತಹಾಗೆ ಅದಕ್ಕೆ ತಲೆ ಕಂಡಿತು. ಭುಜ ಕಂಡಿತು. ಒಂದು ತೋಳು ಕೆಳಗಿಳಿದು ಬಂದು, ಅಮ್ಮನ ಕುತ್ತಿಗೆ ಇದ್ದ ಜಾಗದ ಹಿಂದೆ ಮುಗಿದಿತ್ತು.

ಅದರ ಮುಂದೆ, ಮುಖವೇ ಇಲ್ಲದ ಜಾಗದಲ್ಲಿ, ಎರಡು ಕಣ್ಣು. ಕಣ್ಣಿನ ಕೆಳಗೆ, ತುಟಿಯೇ ಇಲ್ಲದ ಜಾಗದಲ್ಲಿ, ಪೆನ್ಸಿಲ್ಲಿನ ಎರಡು ಸಣ್ಣ ಗೆರೆ. ಆ ನಗು.

ಮಗು ಗುರುತೂ ಇಲ್ಲದೆ ಹೋಗಿತ್ತು.

ನಾನು ಹಿಂದೆ ಸರಿದೆ. ಕಾಲು ಬಕೆಟ್ಟಿಗೆ ತಾಗಿ ನೀರು ಚೆಲ್ಲಿತು. ಹಿತ್ತಲಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಆದರೂ ಹಿಂದೆ ತಿರುಗಿ ಬಾಗಿಲ ಕಡೆ ನೋಡಿದೆ. ಆಮೇಲೆ ಅಭ್ಯಾಸದ ಕೈಗಳು ತಮ್ಮ ಕೆಲಸ ಮಾಡಿದವು. ಪ್ರಿಂಟನ್ನು ಎತ್ತಿ ಮೊದಲ ನೀರಿಗೆ, ಎರಡನೆಯದಕ್ಕೆ, ಮೂರನೆಯದಕ್ಕೆ ಹಾಕಿದೆ. ಹಳದಿ ಕಳೆದಷ್ಟೂ ಕಾಗದ ಬೆಳ್ಳಗಾಯಿತು. ಕಣ್ಣು ಇನ್ನಷ್ಟು ಕಪ್ಪಾಗಿ ಕಂಡವು.

ಬ್ಲೀಚು ಅಳಿಸುವುದು ಬೆಳ್ಳಿಯನ್ನು ಮಾತ್ರ, ಅಂದರೆ ಕ್ಯಾಮೆರಾ ಕಂಡದ್ದನ್ನು. ಕೈಯಿಂದ ಬರೆದ ಮಸಿಯನ್ನು ಅದು ಮುಟ್ಟುವುದಿಲ್ಲ. ನೀರಿನಲ್ಲೇ ಇಟ್ಟು ಲೂಪಿನಲ್ಲಿ ನೋಡಿದೆ. ಹೊಳಪು ಕೊಡಲು ಬರೆದ ಕಣ್ಣಾದರೆ ಒಂದು ಚುಕ್ಕೆ, ಒಂದು ಗೆರೆ ಇರುತ್ತದೆ. ಇಲ್ಲಿ ಮೇಲಿನ ರೆಪ್ಪೆ, ಕೆಳಗಿನ ರೆಪ್ಪೆ, ಗುಡ್ಡೆ, ಎಲ್ಲವನ್ನೂ ಯಾರೋ ಕೂತು ತೆಳುವಾದ ಕುಂಚದಲ್ಲಿ ಬರೆದಿದ್ದರು. ಚಾಕುವಿನ ಮೊನೆಯಿಂದ ಗೀಚಿ ಬೆಳಕಿನ ಕಿಡಿ ಮೂಡಿಸಿದ್ದರು. ಒಳ್ಳೆಯ ಕೈ. ಇಷ್ಟು ಒಳ್ಳೆಯ ಕೈಯವರು ತೆರೆದ ಕಣ್ಣಿನ ಮೇಲೆ ಇನ್ನೊಂದು ಕಣ್ಣು ಬರೆಯುತ್ತಿರಲಿಲ್ಲ.

ಆಗ ನನಗೆ ಅರ್ಥವಾಯಿತು. ಕುಳಿತವರಿಗೆ ತಲೆ ಎತ್ತಿ ಹಿಡಿಯಲು ಆಗುತ್ತಿರಲಿಲ್ಲ. ಹಿಂದೆ ನಿಂತವರು ಹಿಡಿದಿದ್ದರು. ಆ ಹಿಡಿದವರ ಮೇಲೆ ಸ್ಟುಡಿಯೋದವರು ಮಸಿ ಬಳಿದಿದ್ದರು.

ಕಲ್ಲಿನ ಅಂಚಿನಲ್ಲಿ ಕುಳಿತೆ. ನನ್ನ ಮುಂದೆ ಎರಡು ದಾರಿ ಇತ್ತು. ಪ್ರಿಂಟನ್ನು ಸಲ್ಫೈಡಿಗೆ ಹಾಕಿದರೆ ಅವರು ಕೇಳಿದ ಹಾಗೆ ಚಿತ್ರ ಕಂದಾಗಿ ಬರುತ್ತದೆ. ಆದರೆ ಮಸಿ ಕಂದಾಗುವುದಿಲ್ಲ. ಕಂದು ಮುಖದಲ್ಲಿ ಕಪ್ಪು ಕಣ್ಣು, ಕಂದು ಹಿನ್ನೆಲೆಯಲ್ಲಿ ಕಪ್ಪು ಮನುಷ್ಯಾಕೃತಿ, ಮೂರು ವರ್ಷದ ಮಗುವಿಗೂ ಕಾಣುವಂತೆ. ಇನ್ನೊಂದು ದಾರಿ, ಮಾಮೂಲಿ ಡೆವಲಪರ್. ಅದರಲ್ಲಿ ಹಾಕಿದರೆ ಚಿತ್ರ ಮೊದಲಿನ ಹಾಗೆ ಕಪ್ಪಾಗಿಯೇ ಮರಳುತ್ತದೆ, ಮಸಿ ಅದರಲ್ಲಿ ಬೆರೆತುಹೋಗುತ್ತದೆ. ಹಳೆಯ ಕಾಗದ, ಬ್ರೌನ್ ಹಿಡಿಯಲಿಲ್ಲ ಎಂದು ಹೇಳಿದರೆ ಮುಗಿಯಿತು. ನನ್ನ ಮಾತನ್ನು ಅವರು ನಂಬುತ್ತಾರೆ.

ಒಳಗೆ ಹೋಗಿ ಡೆವಲಪರ್ ಬಾಟಲಿ ತಂದು ಟ್ರೇಗೆ ಸುರಿದೆ. ಪ್ರಿಂಟನ್ನು ಒಂದು ತುದಿ ಹಿಡಿದು ಎತ್ತಿದೆ. ಹನಿ ತೊಟ್ಟಿಕ್ಕುವವರೆಗೆ ಟ್ರೇಯ ಮೇಲೆ ಹಿಡಿದುಕೊಂಡಿದ್ದೆ. ನಾಳೆ ಬೆಳಗ್ಗೆ ಆಂಟಿ ದೀಪ ಹಚ್ಚಿ ಈ ಕಣ್ಣಿನ ಹತ್ತಿರ ಮಾತಾಡುತ್ತಾರೆ, ಮತ್ತು ಅದು ಯಾರೋ ಬರೆದ ಕಣ್ಣೆಂದು ಈಗ ನನಗೆ ಗೊತ್ತು. ಆ ಯೋಚನೆ ಬಂದ ಮೇಲೆ ಕೈ ಕೆಳಗಿಳಿಯಲಿಲ್ಲ. ಪ್ರಿಂಟನ್ನು ಮತ್ತೆ ನೀರಿಗೆ ಹಾಕಿ ಫೋನ್ ತೆಗೆದುಕೊಂಡೆ.

"ಆಯ್ತಾ ಮೇಡಂ?" ಎಂದರು.

"ಅರ್ಧ ಆಗಿದೆ. ಒಂದ್ ವಿಷಯ ಕೇಳ್ಬೇಕಿತ್ತು. ಆ ಫೋಟೋ ತೆಗೆದ ದಿನ ಇದ್ದವರು ಯಾರಾದ್ರೂ ಈಗ ಇದಾರಾ?"

"ನಮ್ ಸೋದರತ್ತೆ ಇದಾರೆ, ಅಪ್ಪನ ತಂಗಿ. ನನ್ ಜೊತೇಲೇ ಇರೋದು. ನನ್ನ ಸಾಕಿದ್ದು ಅವ್ರೇ. ಯಾಕೆ?"

"ಅವ್ರನ್ನೂ ಕರ್ಕೊಂಡು ಬನ್ನಿ. ಇವತ್ತೇ ಬಂದ್ರೆ ಒಳ್ಳೇದು."

"ಹಾಳಾಯ್ತಾ?" ಎಂದರು. "ಹಾಳಾಗಿಲ್ಲ, ಬನ್ನಿ" ಎಂದೆ. ಅಷ್ಟು ಹೊತ್ತಿಗೆ ಪ್ರಿಂಟಿನ ಕೆಳಗಿನ ಮೂಲೆಯಲ್ಲಿ ಪದರ ಉಗುರಿನಷ್ಟು ಎದ್ದಿತ್ತು. ಸಂಜೆಯವರೆಗೆ ನೀರಿನಲ್ಲಿ ಇಡುವ ಹಾಗಿರಲಿಲ್ಲ.

ಮೂರು ಗಂಟೆಗೆ ಆಟೋದಲ್ಲಿ ಬಂದರು. ಸೋದರತ್ತೆಗೆ ಎಂಬತ್ತರ ಹತ್ತಿರ. ಮಂಡಿ ನೋವು, ಕೈಯಲ್ಲಿ ಕೋಲು, ಆದರೆ ಕಣ್ಣು ಚುರುಕು. ಒಳಗೆ ಕೂರಿಸಿ ನಿಧಾನಕ್ಕೆ ಹೇಳೋಣ ಎಂದುಕೊಂಡಿದ್ದೆ. ಆಂಟಿ ನಿಲ್ಲಲಿಲ್ಲ, ನೇರ ಹಿತ್ತಲಿಗೆ ನಡೆದರು. ಟ್ರೇಯ ಮುಂದೆ ನಿಂತರು.

"ಅಮ್ಮ ಎಲ್ಲಿ?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಇನ್ನೊಮ್ಮೆ, ದನಿ ಬೇರೆಯಾಗಿ: "ನಮ್ಮಮ್ಮನ್ನ ಏನ್ ಮಾಡಿದ್ರಿ ನೀವು? ಇದೇನಿದು, ಹಿಂದೆ ನಿಂತಿರೋದು?"

ಸೋದರತ್ತೆ ಕೋಲೂರಿಕೊಂಡು ನಿಧಾನವಾಗಿ ಬಂದರು. ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ, ಯಾವುದೋ ಗುಂಪಿನ ಫೋಟೋದಲ್ಲಿ ತಮ್ಮನ್ನು ಗುರುತು ಹಿಡಿದವರ ಹಾಗೆ, ಬೆರಳು ತೋರಿಸಿದರು.

"ಇದು ನಾನು ಕಣೆ."

ಆಂಟಿ ತಿರುಗಿ ಅವರನ್ನು ನೋಡಿದರು.

"ಒಂದು ಕುರ್ಚಿ ಕೊಡಮ್ಮ" ಎಂದು ಸೋದರತ್ತೆ ನನಗೆ ಹೇಳಿದರು. ಪ್ಲಾಸ್ಟಿಕ್ ಕುರ್ಚಿ ಹಾಕಿದೆ. ಅವರು ಕುಳಿತು, ಟ್ರೇಯ ಕಡೆಗೇ ನೋಡುತ್ತ ಹೇಳಿದರು.

"ಆವತ್ತು ಬೆಳಗ್ಗೆ ಅತ್ತಿಗೆ ಹೋದ್ರು. ನಿಂಗೆ ಆಗ ನಾಲ್ಕ್ ತಿಂಗ್ಳು. ಮದ್ವೇಲೂ ಒಂದ್ ಫೋಟೋ ತೆಗ್ಸಿರ್ಲಿಲ್ಲ. ಮಗೀಗೆ ಅಮ್ಮನ ಮುಖ ಗೊತ್ತಾಗ್ಬೇಕು ಅಂತ ನಿಮ್ಮಪ್ಪ ಸೈಕಲ್ ತಗೊಂಡು ಬಸವನಗುಡಿಗೆ ಹೋದ. ಫೋಟೋದೋನು ಬರೋವರ್ಗೂ ಎತ್ತಕ್ಕೆ ಬಿಡ್ಲಿಲ್ಲ. ಕೊಟ್ಟಿಗೆ ಮುಂದೆ ಕರಿ ಕಂಬಳಿ ಕಟ್ಟಿದ್ರು. ಕುರ್ಚೀಲಿ ಕೂರ್ಸಿದ್ರೆ ತಲೆ ನಿಲ್ತಿರ್ಲಿಲ್ಲ. ನನ್ನ ಹಿಂದೆ ನಿಲ್ಸಿ, ಜಡೆ ಗಟ್ಟಿಯಾಗಿ ಹಿಡ್ಕೋ, ಅಲ್ಲಾಡ್ಬೇಡ ಅಂದ್ರು. ಹಿಡ್ಕೊಂಡೆ. ತಲೆ ಇನ್ನೂ ಬೆಚ್ಚಗಿತ್ತು. ಬಿಸಿಲಿಗೋ ಏನೋ, ಬೆಚ್ಚಗಿತ್ತು."

"ನಾಮಕರಣದ ದಿನ ಅಂದಿದ್ರಲ್ಲ" ಎಂದರು ಆಂಟಿ.

"ನಿಮ್ಮಪ್ಪ ಹಂಗೆ ಹೇಳು ಅಂದ."

"ನಾನು?"

"ನೀನು ಬೆಳಗ್ಗಿಂದ ಒಂದೇ ಸಮ ಅಳ್ತಿದ್ದೆ. ಅವಳ ತೊಡೆ ಮೇಲೆ ಮಲಗ್ಸಿ ಸೆರಗಲ್ಲಿ ಸುತ್ತಿದ್ವಿ. ತಕ್ಷಣ ಸುಮ್ನಾದೆ. ಎಲ್ರೂ ಹೆದ್ರಿಕೊಂಡ್ರು. ಫೋಟೋದೋನೂ ಹೆದ್ರಿದ. ಬೇಗ ಬೇಗ ತೆಗ್ದು ಹೊರಟ್ಬಿಟ್ಟ."

ಮೇಲಿನ ಮನೆಯಲ್ಲಿ ಯಾರೋ ಟಿ.ವಿ. ಹಾಕಿದರು. ಆಂಟಿ ಟ್ರೇಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ನೀರು ಅಲುಗಿದಾಗ ಕಣ್ಣುಗಳೂ ಅಲುಗಿದವು.

"ಎಸ್ಸೆಸ್ಸೆಲ್ಸಿ ಫೇಲಾದಾಗ ಮೊದ್ಲು ಹೇಳಿದ್ದು ಇವಳಿಗೆ" ಎಂದರು, ಯಾರಿಗೆಂದಿಲ್ಲದೆ. "ಮದ್ವೆ ಬೇಡ ಅನ್ನಿಸ್ದಾಗ ಹೇಳಿದ್ದು ಇವಳಿಗೇ. ನಕ್ಕಳು ಅಂದ್ಕೊಂಡೆ, ಒಪ್ಕೊಂಡೆ. ನಾನು ಯಾರ ಹತ್ರ ಮಾತಾಡ್ದೆ ಅತ್ತೆ, ಇಷ್ಟು ವರ್ಷ?"

"ಎಷ್ಟೋ ಸಲ ಹೇಳ್ಬೇಕು ಅಂತ ಬರ್ತಿದ್ದೆ. ನೀನು ದೀಪ ಹಚ್ಚಿ ನಿಂತಿರ್ತಿದ್ದೆ" ಎಂದರು ಸೋದರತ್ತೆ. "ಯಾವಾಗ ಹೇಳ್ಲಿ?"

ನಾನು ಮಧ್ಯೆ ಬಾಯಿ ಹಾಕಬೇಕಾಯಿತು. ಪದರ ಏಳುತ್ತಿದೆ, ಈಗಲೇ ಒಂದು ಟ್ರೇಗೆ ಹಾಕಬೇಕು ಎಂದೆ. ಈ ಟ್ರೇಯಲ್ಲಿ ಹಾಕಿದರೆ ಮೊದಲಿನ ಹಾಗೇ ಬರುತ್ತದೆ, ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಆ ಟ್ರೇಯಲ್ಲಿ ಹಾಕಿದರೆ ಬ್ರೌನ್ ಆಗಿ ಬರುತ್ತದೆ, ಮಾಸುವುದಿಲ್ಲ. ಕಣ್ಣು ಮಾತ್ರ ಕಪ್ಪಾಗಿ ಬೇರೆಯಾಗಿ ಕಾಣುತ್ತದೆ. ಮೊದಲನೆಯದಕ್ಕೆ ಹಾಕಿ ನಿಮಗೆ ಹೇಳದೇ ಇರಬೇಕೆಂದಿದ್ದೆ ಎಂಬುದನ್ನೂ ಹೇಳಿದೆ.

ಆಂಟಿ ನನ್ನ ಮುಖ ನೋಡಿದರು. ಸಿಟ್ಟಿತ್ತೋ ಏನೋ, ನನಗೆ ತಿಳಿಯಲಿಲ್ಲ. "ಬ್ರೌನ್ ಮಾಡಿ" ಎಂದರು. "ಅದಕ್ಕೇ ತಾನೇ ತಂದಿದ್ದು."

ಸಲ್ಫೈಡಿನ ಮುಚ್ಚಳ ತೆಗೆದ ಕೂಡಲೇ ಇಬ್ಬರೂ ಸೆರಗನ್ನು ಮೂಗಿಗೆ ಹಿಡಿದರು. ಪ್ರಿಂಟನ್ನು ಇಳಿಸಿದೆ. ಚಿತ್ರ ಮರಳುವುದಕ್ಕೆ ಹೆಚ್ಚು ಹೊತ್ತು ಬೇಡ. ಮೊದಲು ಕುರ್ಚಿ, ಆಮೇಲೆ ಸೀರೆ, ಆಮೇಲೆ ಕಣ್ಣುಗಳ ಸುತ್ತ ಆ ಮುಖ ಕೆಳಗಿನಿಂದ ಎದ್ದು ಬಂತು, ಮಾಗಿದ ಹುಣಸೆಯ ಬಣ್ಣದಲ್ಲಿ. ಅದು ನಾನು ಎರಡು ದಿನ ನೋಡಿದ ಮುಖವಾಗಿರಲಿಲ್ಲ. ಕೆನ್ನೆ ಜೋತಿತ್ತು, ಬಾಯಿ ಸಡಿಲವಾಗಿತ್ತು. ಕಣ್ಣು ಮತ್ತು ನಗು ಮುಖದ ಮೇಲೆ ಯಾರೋ ಅಂಟಿಸಿದ ಚೀಟಿಯ ಹಾಗೆ ಮೇಲೆಯೇ ನಿಂತಿದ್ದವು. ಆಂಟಿ ತಿರುಗಿ ಗೋಡೆಯ ಕಡೆ ಮುಖ ಮಾಡಿದರು.

"ಆ ಕಣ್ಣು ಅತ್ತಿಗೇದಲ್ಲ" ಎಂದರು ಸೋದರತ್ತೆ. "ಅವ್ರದ್ದು ಇಷ್ಟು ದೊಡ್ಡದಿರ್ಲಿಲ್ಲ. ತೆಗೀಬೋದಾಮ್ಮ ಅದನ್ನ?"

ತೆಗೆಯಬಹುದು, ಆದರೆ ಒಣಗಿದ ಮೇಲೆ, ಅದೂ ಅವರು ಹೇಳಿದರೆ ಎಂದು ಆಂಟಿಯ ಕಡೆ ನೋಡಿದೆ. ಅವರು ಬಾಗಿಲ ಕಡೆ ನಡೆದರು. ಇಬ್ಬರೂ ಆಟೋ ಹತ್ತಿ ಹೋದರು. ಆಮೇಲೆ ಮೇಲಿನ ಮನೆಯವರು ಬಾಲ್ಕನಿಯಿಂದ ಬಗ್ಗಿ, "ಮೇಡಂ, ನಿಮ್ ಹಿತ್ಲಲ್ಲಿ ಏನೋ ಸತ್ತಿದೆ ಅನ್ಸುತ್ತೆ, ಇಲಿ ಗಿಲಿ ನೋಡಿ" ಎಂದರು. ನೋಡ್ತೀನಿ ಎಂದೆ.

ಹತ್ತು ದಿನ ಅವರಿಂದ ಸುದ್ದಿಯಿರಲಿಲ್ಲ. ತೊಳೆದು, ಎದ್ದ ಮೂಲೆಯನ್ನು ಕೂರಿಸಿ, ಬ್ಲಾಟಿಂಗ್ ಕಾಗದಗಳ ನಡುವೆ ಒಣಗಿಸಿದ ಪ್ರಿಂಟು ನನ್ನ ಡ್ರಾಯರಿನಲ್ಲಿ ಮುಖ ಕೆಳಗಾಗಿ ಇತ್ತು. ಮುಖ ಕೆಳಗಾಗಿ ಇಟ್ಟದ್ದು ಕಾಗದ ಸುರುಳಿಯಾಗದಿರಲಿ ಎಂದೇನಲ್ಲ. ಆ ಹತ್ತು ದಿನ ನಾನು ಬೇರೆ ಯಾರ ಮುಖವನ್ನೂ ಪ್ರಿಂಟ್ ಮಾಡಲಿಲ್ಲ. ಮರಗಳ ನೆಗೆಟಿವ್ ಇದ್ದವು, ಅವನ್ನೇ ಮಾಡಿದೆ.

ಹನ್ನೊಂದನೇ ದಿನ ಆಂಟಿ ಫೋನ್ ಮಾಡಿದರು. "ಮೊದ್ಲು ಹಿಂದಿನದ್ದು ತೆಗೀರಿ" ಎಂದರು. "ಅತ್ತೆ ಕಾಣ್ಲಿ. ಕಣ್ಣಿನ ವಿಷ್ಯ ಆಮೇಲೆ ಹೇಳ್ತೀನಿ." ಕಾಪಿ ನೆಗೆಟಿವ್ ಇದೆ, ಬೇಕಾದರೆ ಹಳೆಯ ಥರದ್ದೇ ಇನ್ನೊಂದು ಪ್ರಿಂಟ್ ಮಾಡಿಕೊಡುತ್ತೇನೆ ಎಂದೆ. "ಎರಡು ಬೇಡ" ಎಂದು ಫೋನಿಟ್ಟರು.

ಆ ಮಸಿಯಲ್ಲಿ ಅರಗು ಇರುತ್ತದೆ, ನೀರಿಗೆ ಬಿಡುವುದಿಲ್ಲ. ಅಮೋನಿಯಾ ಬೆರೆಸಿದ ನೀರಿಗೆ ಮೆತ್ತಗಾಗುತ್ತದೆ. ಕಡ್ಡಿಗೆ ಹತ್ತಿ ಸುತ್ತಿ, ಅದ್ದಿ, ಹಿಂಡಿ, ಮಸಿಯ ಮೇಲೆ ಉರುಳಿಸಬೇಕು. ಉಜ್ಜಿದರೆ ಕೆಳಗಿನ ಚಿತ್ರವೂ ಏಳುತ್ತದೆ. ಒಂದು ಹತ್ತಿ ಕಪ್ಪಾದ ಕೂಡಲೇ ಎಸೆದು ಇನ್ನೊಂದು. ಒಂದು ದಿನಕ್ಕೆ ಒಂದೂವರೆ ಇಂಚು ತೆರೆಯಿತು. ತಲೆಯಿಂದ ಶುರು ಮಾಡುವ ಧೈರ್ಯ ಬರದೆ ಭುಜದಿಂದ ಶುರು ಮಾಡಿದೆ. ಮೂರನೇ ದಿನ ಮುಖಕ್ಕೆ ಬಂದೆ.

ಮಸಿಯ ಕೆಳಗೆ ಬೆಳಕು, ಹೊಗೆ ಏನೂ ತಾಗದೆ ಇದ್ದದ್ದರಿಂದ ಅವಳು ಮಾಸಿರಲಿಲ್ಲ. ನನ್ನ ದ್ರಾವಣಗಳೂ ಅಲ್ಲಿಗೆ ಪೂರ್ತಿ ತಲುಪಿರಲಿಲ್ಲ. ಅರ್ಧ ಕಂದು, ಅರ್ಧ ಕಪ್ಪಾಗಿ ಬಂದಳು. ಹದಿನೈದು ಹದಿನಾರರ ಹುಡುಗಿ. ಮೂಗುತಿಯ ಹೊಳಪು, ಮೂಗಿನ ತುದಿಯ ಬೆವರು, ಎಲ್ಲ ನಿನ್ನೆ ತೆಗೆದಷ್ಟು ಸ್ಪಷ್ಟ. ಮುಂದೆ ಕುಳಿತವರು ಅರವತ್ತು ವರ್ಷ ಹಳಬರು, ಹಿಂದೆ ನಿಂತವಳು ಇವತ್ತಿನವಳು ಅನ್ನಿಸಿತು. ಅವಳು ಕ್ಯಾಮೆರಾವನ್ನು ನೋಡುತ್ತಿರಲಿಲ್ಲ. ತಲೆ ಬಗ್ಗಿಸಿ ತೊಡೆಯ ಮೇಲಿನ ಮಗುವನ್ನು ನೋಡುತ್ತಿದ್ದಳು. ಮಗು ಕತ್ತು ಹಿಂದಕ್ಕೆ ಚೆಲ್ಲಿ ಅವಳನ್ನು ನೋಡುತ್ತಿತ್ತು.

ಅದನ್ನು ನೋಡಲು ಇಬ್ಬರೂ ಬಂದರು. ಸೋದರತ್ತೆ ಲೂಪು ಹಿಡಿಯಲು ಒಪ್ಪಲಿಲ್ಲ, ಹಾಗೇ ಹತ್ತಿರದಿಂದ ನೋಡಿದರು. "ಎಷ್ಟ್ ಸಣ್ಣೋಳಿದ್ದೆ ನಾನು" ಎಂದರು. ಆಂಟಿ ಅವರ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಕೈಯನ್ನು ಅಲ್ಲಿಂದ ತೆಗೆಯದೆಯೇ ನನಗೆ ಹೇಳಿದರು, "ಕಣ್ಣೂ ತೆಗ್ದ್ಬಿಡಿ ಮೇಡಂ."

ನಾನು ಹೊಸ ಹತ್ತಿ ಸುತ್ತಿದೆ, ಅದ್ದಿದೆ, ಹಿಂಡಿದೆ. ಕುರ್ಚಿ ಎಳೆದು ಕುಳಿತು ಬಗ್ಗಿದ ಮೇಲೆ ಕೈ ಮುಂದೆ ಹೋಗಲಿಲ್ಲ. ಇದನ್ನು ನಾನು ಮಾಡಬಾರದು ಅನ್ನಿಸಿತು. ಎದ್ದು, ಕಡ್ಡಿಯನ್ನು ಆಂಟಿಯ ಕಡೆ ಚಾಚಿದೆ.

"ನಂಗೆ ಬರಲ್ಲ" ಎಂದರು.

"ತೋರಿಸ್ತೀನಿ. ಉಜ್ಜಬೇಡಿ, ಹೀಗೆ ಉರುಳಿಸಿ. ಬೆಣ್ಣೆ ಸವರಿದ ಹಾಗೆ."

ಅವರು ಕುಳಿತರು. ಕನ್ನಡಕ ಸರಿಮಾಡಿಕೊಂಡರು. ಸೋದರತ್ತೆ ಟೇಬಲ್ಲಿನ ಆ ಬದಿಗೆ ಬಂದು ಕೋಲಿನ ಮೇಲೆ ಎರಡೂ ಕೈಯಿಟ್ಟು ನಿಂತರು. ಮೊದಲು ಪೆನ್ಸಿಲ್ಲಿನ ನಗು ಹೋಯಿತು. ಅದು ಒಂದೇ ಉರುಳಿಗೆ ಹೋಯಿತು. ಆಮೇಲೆ ಬಲಗಣ್ಣು. ಮಸಿ ಮೆತ್ತಗಾಗಿ ಹತ್ತಿಗೆ ಹತ್ತುತ್ತ, ಗುಡ್ಡೆ ಹೋಗಿ, ಬೆಳಕಿನ ಕಿಡಿಯ ಗೀಚು ಉಳಿದು, ಅದರ ಸುತ್ತ ಕಂದು ಬಣ್ಣದ ರೆಪ್ಪೆ ಕಂಡಿತು. ಮುಚ್ಚಿತ್ತು. ಆಂಟಿ ಹತ್ತಿ ಬದಲಿಸಿಕೊಂಡರು. ಒಂದು ಕಣ್ಣು ಮುಚ್ಚಿ ಒಂದು ತೆರೆದು ಅವರ ಅಮ್ಮ ನಮ್ಮ ಮೂವರನ್ನೂ ಒಂದು ನಿಮಿಷ ನೋಡುತ್ತಿದ್ದರು. ಆಂಟಿಯ ತುಟಿ ಏನನ್ನೋ ಹೇಳುತ್ತಿತ್ತು, ನಮಗೆ ಕೇಳಿಸುವಂತೆ ಅಲ್ಲ. ಆಮೇಲೆ ಎಡಗಣ್ಣಿನ ಮೇಲೆ ಹತ್ತಿ ಇಟ್ಟರು.

ಮುಗಿದ ಮೇಲೆ ಕಡ್ಡಿಯನ್ನು ಟ್ರೇಯಲ್ಲಿಟ್ಟು, ಕನ್ನಡಕ ತೆಗೆದು, ತಲೆಯೆತ್ತಿದರು.

"ಅತ್ತೆ" ಎಂದರು, "ಅಮ್ಮ ಹೋದ್ಲು."

"ಹೂಂ ಕಣೆ" ಎಂದರು ಸೋದರತ್ತೆ. ಆಮೇಲೆ ಅವರ ತೋಳು ಹಿಡಿದು ಎಬ್ಬಿಸಿದರು. "ನಡಿ, ಮನೆಗೋಗಿ ತಲೆ ಮೇಲೆ ನೀರು ಹಾಕ್ಕೋಬೇಕು." ಬಾಗಿಲ ಹತ್ತಿರ ನಿಂತು ನನ್ನ ಕಡೆ ತಿರುಗಿದರು. "ನೀನೂ ಹಾಕ್ಕೊಳಮ್ಮ. ಹತ್ರ ಇದ್ದೋಳು."

ಅವರನ್ನು ಆಟೋ ಹತ್ತಿಸಿ ಬಂದು ಬಾಗಿಲು ಹಾಕಿದೆ. ಆವತ್ತು ಕಾವೇರಿ ನೀರು ಬರುವ ದಿನವಾಗಿರಲಿಲ್ಲ. ಡ್ರಮ್ಮಿನ ತಳದಲ್ಲಿ ಎರಡು ಬಕೆಟ್ಟಿನಷ್ಟು ಉಳಿದಿತ್ತು. ಅದನ್ನು ಬಚ್ಚಲಿಗೆ ಹೊತ್ತು, ಕಾಯಿಸದೆ, ತಲೆಯ ಮೇಲಿಂದ ಸುರಿದುಕೊಂಡೆ.